ಸರಪಳಿಯ ಭಂಗಿ ಹೇಳುವ ಬಣ್ಣ

ಹೆಬ್ಬೆರಳಿನಷ್ಟು ಎತ್ತರದ ಗಾಜಿನ ಸೀಸೆ. ಅದರೊಳಗೆ ಕಿತ್ತಳೆ ಶರಬತ್ತಿನಂಥ ದ್ರಾವಣ. ಹಿಂದಿನ ಸಂಜೆ ಒಂದು ಚಿಟಿಕೆ ಕಪ್ಪನೆಯ ಪುಡಿಯನ್ನು ಕ್ಲೋರೊಫಾರ್ಮಿಗೆ ಹಾಕಿ, ರಾತ್ರಿಯಿಡೀ ಕಲಕಲು ಬಿಟ್ಟು ಹೋಗಿದ್ದರಂತೆ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಆ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಈಗ ನೋಡ್ತಾ ಇರಿ ಸರ್" ಎಂದು ಮೆಥನಾಲನ್ನು ಹನಿಹನಿಯಾಗಿ ಬಿಟ್ಟಳು. ಮೊದಲ ನಾಲ್ಕಾರು ಹನಿಗೆ ಏನೂ ಆಗಲಿಲ್ಲ. ಆಮೇಲೆ ಕಿತ್ತಳೆ ಕೆಂಪಾಯಿತು, ಕೆಂಪು ಕಂದಿತು, ನೋಡುತ್ತಿದ್ದಂತೆ ಇಡೀ ದ್ರಾವಣ ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣಕ್ಕೆ ಬಂತು. ಅವಳು ಅದರಲ್ಲಿ ಸ್ವಲ್ಪವನ್ನು ಇನ್ನೊಂದು ಸೀಸೆಗೆ ಬಗ್ಗಿಸಿ ಧಾರಾಳವಾಗಿ ಕ್ಲೋರೊಫಾರ್ಮ್ ಸುರಿದಳು. ನೇರಳೆ ಹೋಯಿತು, ಕಿತ್ತಳೆ ಮರಳಿತು.

ಅಲ್ಲಿ ಯಾವ ರಾಸಾಯನಿಕ ಕ್ರಿಯೆಯೂ ನಡೆದಿರಲಿಲ್ಲ. ಒಂದು ಬಂಧವೂ ಮುರಿದಿರಲಿಲ್ಲ, ಹೊಸದೊಂದು ಕೂಡಿರಲಿಲ್ಲ. ಅಣು ಅದೇ. ಬದಲಾದದ್ದು ಅದು ಕೂತ ಭಂಗಿ ಮಾತ್ರ. ಒಂದು ವಸ್ತು ತನ್ನ ಮೈಯ ಬಾಗು ಬಳುಕನ್ನು ಹೀಗೆ ಬಣ್ಣದ ಮೂಲಕ ನೇರವಾಗಿ ಹೇಳಿಬಿಡುವುದನ್ನು ಕಣ್ಣಾರೆ ಕಂಡ ಮೇಲೆ ಇದರ ಬಗ್ಗೆ ಬರೆಯದೆ ಇರಲು ನನಗೆ ಆಗಲಿಲ್ಲ.

ಆ ಕಪ್ಪು ಪುಡಿಯ ಹೆಸರು ಪಾಲಿ ಹೆಕ್ಸೈಲ್ ಥಯೊಫೀನ್. ಅದರೊಡನೆ ಕೆಲಸ ಮಾಡುವವರೆಲ್ಲ ಪಿ3ಎಚ್‌ಟಿ ಎಂದೇ ಕರೆಯುತ್ತಾರೆ. ನಾಲ್ಕು ಇಂಗಾಲ, ಒಂದು ಗಂಧಕ ಸೇರಿದ ಪುಟ್ಟ ಬಳೆಗೆ ಥಯೊಫೀನ್ ಎಂದು ಹೆಸರು. ಅಂಥ ಬಳೆಗಳು ನೂರಾರು ಸಾಲಾಗಿ ಕೈ ಹಿಡಿದರೆ ಈ ಸರಪಳಿ. ಪ್ರತಿ ಬಳೆಗೂ ಆರು ಇಂಗಾಲದ ಒಂದು ಬಾಲ ಇರುತ್ತದೆ. ದ್ರಾವಣದಲ್ಲಿ ಕರಗಲು ಆ ಬಾಲವೇ ಆಸರೆ. ಇದು ಕಾಂಜುಗೇಟೆಡ್ ಪಾಲಿಮರ್‌ಗಳೆಂಬ ದೊಡ್ಡ ಕುಟುಂಬದ ಒಬ್ಬ ಸದಸ್ಯ.

ಪಾಲಿಮರ್ ಎಂದರೆ ನಮಗೆ ನೆನಪಾಗುವುದು ಪಾಲಿಥೀನ್ ಚೀಲ. ಅದಕ್ಕೆ ಸ್ವಂತ ಬಣ್ಣವಿಲ್ಲ, ವಿದ್ಯುತ್ತು ಅದರಲ್ಲಿ ಹರಿಯದು. ಅದರ ಇಂಗಾಲಗಳ ನಡುವೆ ಇರುವುದೆಲ್ಲ ಏಕಬಂಧ, ಪ್ರತಿ ಎಲೆಕ್ಟ್ರಾನೂ ತನ್ನ ಬಂಧದೊಳಗೆ ಬಂದಿ. ಕಾಂಜುಗೇಟೆಡ್ ಸರಪಳಿಯಲ್ಲಿ ಏಕಬಂಧ, ದ್ವಿಬಂಧ, ಮತ್ತೆ ಏಕಬಂಧ, ಮತ್ತೆ ದ್ವಿಬಂಧ ಎಂದು ಸರದಿಯಂತೆ ಬರುತ್ತವೆ. ದ್ವಿಬಂಧದ ಎರಡನೆಯ ಜೋಡಿ ಎಲೆಕ್ಟ್ರಾನುಗಳಿಗೆ ಆಗ ಇದೇ ನನ್ನ ಮನೆ ಎಂಬುದು ಇರುವುದಿಲ್ಲ. ಹಳೆಯ ವಠಾರಗಳನ್ನು ನೆನೆಸಿಕೊಳ್ಳಿ. ಪಾಲಿಥೀನ್ ಎಂದರೆ ಬಾಗಿಲು ಹಾಕಿಕೊಂಡ ಬಿಡಿ ಮನೆಗಳ ಬೀದಿ. ಕಾಂಜುಗೇಟೆಡ್ ಸರಪಳಿ ಎಂದರೆ ಎಲ್ಲ ಮನೆಗಳ ಮುಂದೆಯೂ ಒಂದೇ ಉದ್ದನೆಯ ಜಗಲಿ ಇರುವ ವಠಾರ. ಮಕ್ಕಳು ಈ ತುದಿಯಿಂದ ಆ ತುದಿಗೆ ಓಡಾಡಬಹುದು.

ಆ ಜಗಲಿ ಉದ್ದವಾದಷ್ಟೂ ಎಲೆಕ್ಟ್ರಾನನ್ನು ಮೇಲಿನ ಮೆಟ್ಟಿಲಿಗೆ ಏರಿಸಲು ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ. ಒಂದೇ ದ್ವಿಬಂಧವಿರುವ ಎಥಿಲೀನ್ ಸುಮಾರು 171 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆಯನ್ನು ಹೀರುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ ಮುಂದೆ, ಹಾಗಾಗಿ ಎಥಿಲೀನ್‌ಗೆ ಬಣ್ಣವಿಲ್ಲ. ಎರಡು ದ್ವಿಬಂಧಗಳ ಬ್ಯೂಟಾಡೈಈನ್ 217ಕ್ಕೆ ಬರುತ್ತದೆ. ಹನ್ನೊಂದು ದ್ವಿಬಂಧಗಳು ಸಾಲಾಗಿರುವ ಬೀಟಾ ಕ್ಯಾರೊಟೀನ್ 450ರ ಸುತ್ತಮುತ್ತಲಿನ ನೀಲಿಯನ್ನು ನುಂಗುತ್ತದೆ. ನೀಲಿ ಹೋದ ಬೆಳಕು ಕಿತ್ತಳೆಯಾಗಿ ಕಾಣುತ್ತದೆ. ಕ್ಯಾರೆಟ್ಟಿನ ಬಣ್ಣದ ಗುಟ್ಟು ಇಷ್ಟೇ. ಟೊಮೆಟೊದ ಕೆಂಪೂ, ಅರಿಶಿನದ ಹಳದಿಯೂ ಇದೇ ಜಾತಿಯವು.

ಅರಿಶಿನ ಎಂದ ಕೂಡಲೆ ಆರತಿ ತಟ್ಟೆಯ ಕೆಂಪು ನೀರು ನೆನಪಾಗುತ್ತದೆ. ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದರೆ ಸಾಕು, ಓಕುಳಿ. ಆದರೆ ಅಲ್ಲಿ ಸುಣ್ಣ ಅಣುವಿನಿಂದ ಒಂದು ಪ್ರೋಟಾನನ್ನು ಕಸಿದುಕೊಳ್ಳುತ್ತದೆ, ಅಣುವೇ ಬದಲಾಗುತ್ತದೆ. ಪಿ3ಎಚ್‌ಟಿಯ ಆಟಕ್ಕೆ ಹೆಚ್ಚು ಹತ್ತಿರದ್ದು ಕರಾವಳಿಯ ಅಡುಗೆಮನೆಯಲ್ಲಿದೆ. ಹಸಿ ಸಿಗಡಿ ಬೂದುನೀಲಿ, ಬಿಸಿ ತಾಗಿದರೆ ಕೆಂಪು. ಅದರ ಚಿಪ್ಪಿನಲ್ಲಿರುವ ಅಸ್ಟಾಕ್ಸಾಂಥಿನ್ ಎಂಬ ಕ್ಯಾರೊಟೀನ್ ನೆಂಟನನ್ನು ಪ್ರೋಟೀನೊಂದು ಅದುಮಿ ಹಿಡಿದಿರುತ್ತದೆ. ಒಲೆಯ ಮೇಲೆ ಪ್ರೋಟೀನಿನ ಹಿಡಿತ ಬಿಟ್ಟಾಗ ಅಣು ತನ್ನ ಸಹಜ ಭಂಗಿಗೆ, ತನ್ನ ಸಹಜ ಕೆಂಪಿಗೆ ಬರುತ್ತದೆ. ಅಣು ಅದೇ, ಸುತ್ತಲಿನ ಒತ್ತಡ ಬೇರೆ.

ಈಗ ಸೀಸೆಗೆ ಮರಳೋಣ. ಕ್ಲೋರೊಫಾರ್ಮಿನಲ್ಲಿ ಪಿ3ಎಚ್‌ಟಿ ಸರಪಳಿ ಹಾಯಾಗಿ ಈಜುತ್ತಿರುತ್ತದೆ. ಒಂದು ಬಳೆ ಈ ಕಡೆ ವಾಲಿದರೆ ಪಕ್ಕದ್ದು ಆ ಕಡೆ. ಪ್ರತಿ ತಿರುಚಿನಲ್ಲೂ ಜಗಲಿಗೆ ಅಡ್ಡಗೋಡೆ ಬಿದ್ದಂತೆ. ಹೆಸರಿಗೆ ನೂರಾರು ಬಳೆಗಳ ಸರಪಳಿಯಾದರೂ ಎಲೆಕ್ಟ್ರಾನಿನ ಪಾಲಿಗೆ ಕೆಲವೇ ಬಳೆಗಳ ಪುಟ್ಟ ಪುಟ್ಟ ತುಂಡುಗಳು. ಅವು 450ರ ಬಳಿಯ ನೀಲಿಯನ್ನು ಹೀರುತ್ತವೆ, ದ್ರಾವಣ ಕಿತ್ತಳೆಯಾಗಿ ಕಾಣುತ್ತದೆ. ಮೆಥನಾಲ್ ಅವಕ್ಕೆ ಒಗ್ಗದ ದ್ರವ. ಅದು ಬಂದಾಗ ಸರಪಳಿಗಳು ದ್ರವದಿಂದ ಮುಖ ತಿರುಗಿಸಿ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಬಾಳೆಲೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ ಬಳೆಗಳು ಚಪ್ಪಟೆಯಾಗಿ ಅಟ್ಟಿಯಾಗುತ್ತವೆ. ತಿರುಚು ಬಿಚ್ಚಿ ಅಡ್ಡಗೋಡೆಗಳು ಬೀಳುತ್ತವೆ, ಜಗಲಿ ಉದ್ದವಾಗುತ್ತದೆ. ಈಗ ಹಸಿರು, ಹಳದಿ ಬೆಳಕೂ ಹೀರಲ್ಪಡುತ್ತದೆ. ಉಳಿದದ್ದು ನೇರಳೆ.

ಅವಳು ಎರಡೂ ದ್ರಾವಣಗಳನ್ನು ಒಂದು ಸೆಂಟಿಮೀಟರ್ ಅಗಲದ ಚೌಕ ಗಾಜಿನ ಡಬ್ಬಿಗಳಿಗೆ ತುಂಬಿ ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ ಇಟ್ಟಳು. ಕೆಲಸ ಸರಳ. ಯಂತ್ರ ಒಂದೊಂದೇ ತರಂಗಾಂತರದ ಬೆಳಕನ್ನು ಹಾಯಿಸಿ ಎಷ್ಟು ಒಳಹೋಯಿತು, ಎಷ್ಟು ಹೊರಬಂತು ಎಂದು ಲೆಕ್ಕ ಇಡುತ್ತದೆ. ಕಿತ್ತಳೆ ದ್ರಾವಣಕ್ಕೆ ಪರದೆಯ ಮೇಲೆ ಒಂದೇ ದುಂಡನೆಯ ಗುಡ್ಡ ಮೂಡಿತು. ನೇರಳೆಯದಕ್ಕೆ ಬೇರೆಯೇ ಚಿತ್ರ. ಸುಮಾರು 520, 555, 605ರಲ್ಲಿ ಮೂರು ಮೊನೆಗಳು, ಮೊದಲೆರಡು ಒಂದರೊಳಗೊಂದು ಬೆಸೆದುಕೊಂಡು, ಕೊನೆಯದು ಭುಜದಂತೆ ಹೊರಚಾಚಿ.

ಈ ಮೂರು ಮೊನೆಗಳೇ ಈ ವಿದ್ಯೆಯ ಸೊಗಸು. ಬೆಳಕು ಎಲೆಕ್ಟ್ರಾನನ್ನು ಮೇಲಕ್ಕೆತ್ತುವಾಗ ಸರಪಳಿಯ ಬಂಧಗಳೂ ಕಂಪಿಸತೊಡಗುತ್ತವೆ. ಕಂಪನವಿಲ್ಲದೆ ಮೇಲೇರಿದರೆ 605ರ ಮೊನೆ. ಒಂದು ಪಾಲು ಕಂಪನವನ್ನು ಜೊತೆಗೊಯ್ದರೆ 555, ಎರಡು ಪಾಲಾದರೆ 520. 605 ಮತ್ತು 555ರ ಮೊನೆಗಳ ನಡುವಿನ ಶಕ್ತಿಯ ಅಂತರ ಸುಮಾರು 0.18 ಎಲೆಕ್ಟ್ರಾನ್ ವೋಲ್ಟ್. ಇಂಗಾಲ–ಇಂಗಾಲ ದ್ವಿಬಂಧ ಹಿಗ್ಗಿ ಕುಗ್ಗುವ ಕಂಪನಕ್ಕೆ ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಸೆಕೆಂಡಿಗೆ ಸುಮಾರು 43 ಲಕ್ಷ ಕೋಟಿ ಸಲ ಮಿಡಿಯುವ ಆ ಕಂಪನದ ಹೆಜ್ಜೆಗುರುತು ಬಣ್ಣದ ಗೆರೆಯಲ್ಲಿ ಹಾಗೇ ಉಳಿದುಬಿಟ್ಟಿದೆ.

ಅದೇ ಕಂಪನವನ್ನು ಇನ್ನೊಂದು ದಾರಿಯಿಂದಲೂ ಹಿಡಿಯಬಹುದು. ಆ ದಾರಿಗೆ ನಮ್ಮವರೇ ಆದ ಸಿ. ವಿ. ರಾಮನ್ ಹೆಸರಿದೆ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡದ್ದು, 1930ರಲ್ಲಿ ನೊಬೆಲ್ ತಂದದ್ದು, 1933ರಲ್ಲಿ ಅವರೊಡನೆ ಬೆಂಗಳೂರಿಗೆ ಬಂದದ್ದು ಇದೇ ವಿದ್ಯೆ. ಒಂದು ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಬಿಟ್ಟರೆ ಚದುರಿದ ಬೆಳಕಿನ ಅತಿ ಸಣ್ಣ ಪಾಲು ಬಣ್ಣ ಬದಲಿಸಿ ಬರುತ್ತದೆ. ಆ ಬದಲಾವಣೆಯಷ್ಟು ಶಕ್ತಿಯನ್ನು ಅಣುವಿನ ಕಂಪನ ಇಟ್ಟುಕೊಂಡಿರುತ್ತದೆ. ರಾಮನ್ ಅವರ ಕಾಲದಲ್ಲಿ ಈ ಮಸುಕು ಗೆರೆಗಳನ್ನು ಫೋಟೋ ಫಲಕದ ಮೇಲೆ ಹಿಡಿಯಲು ಗಂಟೆಗಟ್ಟಲೆ ಕಾಯಬೇಕಿತ್ತು. ಕಾಂಜುಗೇಟೆಡ್ ಪಾಲಿಮರ್‌ಗಳು ಈ ವಿಷಯದಲ್ಲಿ ಬಲು ಉದಾರಿಗಳು. ಅವು ಹೀರುವ ಬಣ್ಣದ ಲೇಸರನ್ನೇ ಬಿಟ್ಟರೆ ಅವುಗಳ ರಾಮನ್ ಗೆರೆ ಎಷ್ಟೋ ಪಟ್ಟು ಬಲವಾಗಿ ಎದ್ದು ನಿಲ್ಲುತ್ತದೆ. ಪಿ3ಎಚ್‌ಟಿಯ ದ್ವಿಬಂಧದ ಗೆರೆ 1450 ತರಂಗಸಂಖ್ಯೆಯ (ಒಂದು ಸೆಂಟಿಮೀಟರಿಗೆ ಇಷ್ಟು ಅಲೆಗಳು ಎಂಬ ಅಳತೆ) ಆಸುಪಾಸಿನಲ್ಲಿ ನಿಲ್ಲುತ್ತದೆ. ಸರಪಳಿಗಳು ಓರಣವಾದರೆ ಅದು ಸ್ವಲ್ಪ ಕೆಳಗೆ ಜಾರಿ ಕಿರಿದಾಗುತ್ತದೆ, ಚೆಲ್ಲಾಪಿಲ್ಲಿಯಾದರೆ ಮೇಲಕ್ಕೆ ಸರಿದು ಹರಡಿಕೊಳ್ಳುತ್ತದೆ.

ಮೊನೆಗಳ ಜಾಗವಷ್ಟೇ ಅಲ್ಲ, ಎತ್ತರವೂ ಮಾತಾಡುತ್ತದೆ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಫ್ರಾಂಕ್ ಸ್ಪಾನೊ 2005ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಸರಪಳಿಗಳು ಅಟ್ಟಿಯಾಗಿ ಕೂತಾಗ ಪಕ್ಕದ ಸರಪಳಿಗಳ ಪ್ರಭಾವದಿಂದ 605ರ ಮೊನೆ ಕುಗ್ಗುತ್ತದೆ. ಒಂದೊಂದು ಸರಪಳಿಯೂ ತನ್ನಷ್ಟಕ್ಕೆ ಚೊಕ್ಕವಾಗಿ ನೆಟ್ಟಗಾದಷ್ಟೂ ಆ ಪ್ರಭಾವ ತಗ್ಗಿ ಮೊನೆ ಮತ್ತೆ ಏಳುತ್ತದೆ. ಹಾಗಾಗಿ 605 ಮತ್ತು 555ರ ಎತ್ತರಗಳ ಅನುಪಾತವೊಂದನ್ನು ಅಳೆದರೆ ಗಾಜಿನ ಮೇಲೆ ತೆಳುವಾಗಿ ಹರಡಿ ಒಣಗಿಸಿದ ಪಿ3ಎಚ್‌ಟಿ ಪದರದೊಳಗಿನ ಓರಣ ಎಷ್ಟರಮಟ್ಟಿನದು ಎಂದು ಹೇಳಬಹುದು. ಪದರದ ದಪ್ಪ ನೂರು ನ್ಯಾನೊಮೀಟರ್ ಇದ್ದೀತು, ತಲೆಗೂದಲಿನ ನೂರಾರು ಪಾಲಿನಲ್ಲಿ ಒಂದು. ಅದರೊಳಗೆ ಬಳೆಗಳು ಒಟ್ಟಾರೆ ಎಷ್ಟು ಓರಣವಾಗಿ ಕೂತಿವೆ ಎಂಬುದನ್ನು ಐದು ನಿಮಿಷದ ಬೆಳಕಿನ ಅಳತೆ ಹೇಳಿಬಿಡುತ್ತದೆ. ಅವಳು ನನ್ನೆದುರಿಗೇ ನೇರಳೆ ಪದರವಿದ್ದ ಗಾಜಿನ ಚೂರನ್ನು ಬಿಸಿತಟ್ಟೆಯ ಮೇಲೆ 140 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ಮತ್ತೆ ಅಳೆದಳು. ಕಣ್ಣಿಗೆ ಬಣ್ಣ ಒಂದಿಷ್ಟು ಗಾಢವಾದಂತೆ ಕಂಡಿತು, ಅಷ್ಟೇ. ಪರದೆಯ ಮೇಲೆ ಮಾತ್ರ 605ರ ಭುಜ ಸ್ಪಷ್ಟವಾಗಿ ಮೇಲೆದ್ದಿತ್ತು.

ಪ್ಲಾಸ್ಟಿಕ್ಕೂ ವಿದ್ಯುತ್ತು ಹರಿಸುತ್ತದೆ ಎಂಬ ಕಥೆಯನ್ನು ಪತ್ರಿಕೆಗಳು ಹಲವು ಬಾರಿ ಹೇಳಿವೆ. ಆ ಕಥೆಯಲ್ಲಿ ಮೊದಲ ಸುಳಿವು ಕೊಟ್ಟದ್ದೂ ಇಂಥ ಬೆಳಕಿನ ಗೆರೆಚಿತ್ರ, ಅಂದರೆ ರೋಹಿತವೇ ಎಂಬುದು ಅಷ್ಟಾಗಿ ಹೇಳದೆ ಉಳಿದ ಭಾಗ. 1967ರಲ್ಲಿ ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಹಿದೆಕಿ ಶಿರಾಕಾವ ಅವರ ಜೊತೆಗಿದ್ದ ಅತಿಥಿ ಸಂಶೋಧಕರೊಬ್ಬರು ಪಾಲಿಅಸಿಟಲೀನ್ ತಯಾರಿಸುವಾಗ ವೇಗವರ್ಧಕವನ್ನು ಸಾವಿರ ಪಟ್ಟು ಹೆಚ್ಚು ಹಾಕಿಬಿಟ್ಟರು. ಬರಬೇಕಿದ್ದ ಕಪ್ಪು ಪುಡಿಯ ಬದಲು ಲೋಹದಂತೆ ಹೊಳೆಯುವ ಹಾಳೆ ಬಂತು. ತಂಪಿನಲ್ಲಿ ಬೆಳೆದ ಹಾಳೆ ತಾಮ್ರದ ಬಣ್ಣ, ಬಿಸಿಯಲ್ಲಿ ಬೆಳೆದದ್ದು ಬೆಳ್ಳಿಯ ಬಣ್ಣ. ಇಲ್ಲೂ ವ್ಯತ್ಯಾಸ ಸರಪಳಿಯ ಆಕಾರದ್ದೇ. ಒಂದರಲ್ಲಿ ಅದು ಒಂದು ಬಗೆಯಲ್ಲಿ ಮಡಚಿದ್ದರೆ ಇನ್ನೊಂದರಲ್ಲಿ ನೀಟಾದ ಅಂಕುಡೊಂಕು.

ಶಿರಾಕಾವ ಆ ಹಾಳೆಗೆ ಕ್ಲೋರಿನ್, ಬ್ರೋಮಿನ್ ತಾಗಿಸುತ್ತ ಅವಕೆಂಪು ರೋಹಿತವನ್ನು ಗಮನಿಸುತ್ತಿದ್ದರು. ರಾಸಾಯನಿಕ ಕ್ರಿಯೆ ಹೇಗೆ ಸಾಗುತ್ತದೆ ಎಂದು ತಿಳಿಯುವುದಷ್ಟೇ ಉದ್ದೇಶ. ಬ್ರೋಮಿನ್ ಒಂದಿಷ್ಟು ತಾಗಿದ್ದೇ ತಡ, ಅಲ್ಲಿಯವರೆಗೆ ಅವಕೆಂಪು ಬೆಳಕನ್ನು ಚೆನ್ನಾಗಿ ಹಾಯಗೊಡುತ್ತಿದ್ದ ಹಾಳೆ ಥಟ್ಟನೆ ಅದಕ್ಕೆ ಅಡ್ಡ ನಿಂತಿತು. ಅಂಥ ವ್ಯಾಪಕವಾದ ತಡೆಯನ್ನು ಒಡ್ಡುವುದು ಲೋಹದಂಥ ವಸ್ತು, ಓಡಾಡುವ ಎಲೆಕ್ಟ್ರಾನುಗಳಿರುವ ವಸ್ತು. ಆಗ ಅದರ ಅರ್ಥ ಬಿಡಿಸಲಾಗಲಿಲ್ಲ. 1975ರಲ್ಲಿ ಟೋಕಿಯೊಗೆ ಬಂದಿದ್ದ ಅಲನ್ ಮ್ಯಾಕ್‌ಡಿಯಾರ್ಮಿಡ್ ಆ ಬೆಳ್ಳಿ ಹಾಳೆಯನ್ನು ಕಂಡು ಶಿರಾಕಾವರನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡರು. ಅಲ್ಲಿ ಭೌತವಿಜ್ಞಾನಿ ಅಲನ್ ಹೀಗರ್ ಜೊತೆಗೂಡಿದರು. 1976ರ ನವೆಂಬರ್ 23ರಂದು ಬ್ರೋಮಿನ್ ತಾಗಿಸುತ್ತ ವಾಹಕತೆ ಅಳೆದಾಗ ಅದು ಒಂದು ಕೋಟಿ ಪಟ್ಟು ನೆಗೆಯಿತು. ಮೂವರಿಗೂ 2000ದಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂತು. ಆ ಅವಕೆಂಪು ಗೆರೆ ಕುಸಿದ ದಿನ ಟೋಕಿಯೊದ ಪ್ರಯೋಗಾಲಯದಲ್ಲಿ ಉತ್ತರ ಆಗಲೇ ಕಾಗದದ ಮೇಲೆ ಮೂಡಿತ್ತು ಎಂದು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಹೀರುವುದು ಅರ್ಧ ಕಥೆ, ಸೂಸುವುದು ಇನ್ನರ್ಧ. 1990ರಲ್ಲಿ ಕೇಂಬ್ರಿಜ್‌ನಲ್ಲಿ ಜೆರೆಮಿ ಬರೋಸ್, ಡೋನಲ್ ಬ್ರ್ಯಾಡ್ಲಿ, ರಿಚರ್ಡ್ ಫ್ರೆಂಡ್ ಮತ್ತು ಸಂಗಡಿಗರು ಪಿಪಿವಿ ಎಂಬ ಪಾಲಿಮರ್‌ನ ತೆಳು ಪದರಕ್ಕೆ ವಿದ್ಯುತ್ತು ಕೊಟ್ಟು ಹಳದಿಹಸಿರು ಬೆಳಕು ಬರಿಸಿದರು. ಇಂದು ನಮ್ಮ ಜೇಬಿನ ಫೋನುಗಳ ಓಎಲ್‌ಇಡಿ ಪರದೆಗಳಲ್ಲಿ ಇರುವುದು ಬಹುಮಟ್ಟಿಗೆ ಸಣ್ಣ ಅಣುಗಳು, ಪಾಲಿಮರ್ ಅಲ್ಲ. ಆದರೂ ಸಾವಯವ ವಸ್ತುಗಳು ಬೆಳಗುವ ಬಗೆಯನ್ನು ಅರಿಯಲು ಆ ಪದರ ಕಲಿಸಿದ್ದು ಬಹಳ.

ಇದರಲ್ಲಿ ಬೆಂಗಳೂರಿನದೇ ಒಂದು ಕೆಲಸ ನನಗೆ ತುಂಬ ಇಷ್ಟ. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಕೃಷ್ಣನ್ ಮತ್ತು ಜಿ. ಪದ್ಮನಾಭನ್ 2000ದಲ್ಲಿ ಪಿಪಿವಿಯ ಸೋದರನಾದ ಎಂಇಎಚ್ ಪಿಪಿವಿಯ ಜಗಲಿಗೆ ತಾವೇ ಅಡ್ಡಗೋಡೆ ಕಟ್ಟಿದರು. ಸರಪಳಿ ತಯಾರಿಸುವಾಗ ಅಲ್ಲಲ್ಲಿ ದ್ವಿಬಂಧದ ಬದಲು ಏಕಬಂಧ ಉಳಿಯುವಂತೆ ನೋಡಿಕೊಂಡರು. ಎಷ್ಟು ಕಡೆ ಉಳಿಯಬೇಕು ಎಂಬುದೂ ಅವರ ಕೈಯಲ್ಲೇ ಇತ್ತು. ಸರಪಳಿ ಅಖಂಡವಾಗಿದ್ದರೆ ಸೂಸುವ ಬೆಳಕು ಕಿತ್ತಳೆ. ಗೋಡೆಗಳು ಹೆಚ್ಚಿದಂತೆ ಅದು ಹಸಿರಿನತ್ತ, ಕೊನೆಗೆ ನೀಲಿಯತ್ತ ಸರಿಯುತ್ತದೆ. ಒಂದೇ ಮೂಲವಸ್ತು, ಒಂದೇ ಅಡುಗೆ, ತುಂಡಿನ ಉದ್ದವಷ್ಟೇ ಬೇರೆ. ಬಣ್ಣ ಜಗಲಿಯ ಉದ್ದದ್ದು ಎಂಬ ಮಾತಿಗೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಅದೇ ಕೆಲಸ ಇನ್ನೊಂದನ್ನೂ ತೋರಿಸಿತು. ಉದ್ದ, ಗಿಡ್ಡ ತುಂಡುಗಳೆರಡೂ ಒಂದೇ ಸರಪಳಿಯಲ್ಲಿ ಇದ್ದಾಗ ಬೆಳಕನ್ನು ಗಿಡ್ಡ ತುಂಡು ಹೀರಿದರೂ ಸೂಸುವುದು ಉದ್ದನೆಯ ತುಂಡು. ಮಳೆನೀರು ಎಲ್ಲಿ ಬಿದ್ದರೂ ಇಳಿಜಾರು ಹಿಡಿದು ಹಳ್ಳ ಸೇರುವಂತೆ ಹೀರಿದ ಶಕ್ತಿ ತಗ್ಗು ಹುಡುಕಿಕೊಂಡು ಸರಪಳಿಯುದ್ದಕ್ಕೂ ಸಾಗುತ್ತದೆ. ಹಾಗೆ ಸಾಗುವ ಶಕ್ತಿಯ ಪೊಟ್ಟಣಕ್ಕೆ ಎಕ್ಸೈಟಾನ್ ಎಂದು ಹೆಸರು.

ಈ ಪ್ರಯಾಣದಿಂದ ಒಂದು ಅಪೂರ್ವ ಉಪಯೋಗವಾಯಿತು. ದೀಪಾವಳಿಗೆ ಹಾಕುವ ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಸಾಲೇ ಆರುತ್ತದಲ್ಲ? ಎಕ್ಸೈಟಾನ್ ಸರಪಳಿಯುದ್ದಕ್ಕೂ ಅಲೆಯುವುದರಿಂದ ಎಲ್ಲೋ ಒಂದು ಕಡೆ ಎಲೆಕ್ಟ್ರಾನ್ ಕಸಿಯುವ ಅಣು ಅಂಟಿದರೂ ಸರಪಳಿಯ ಉದ್ದನೆಯ ಭಾಗದ ಬೆಳಕೇ ಆರಿಹೋಗುತ್ತದೆ. ಅಮೆರಿಕದ ಎಂಐಟಿಯ ತಿಮೋತಿ ಸ್ವೇಗರ್ 1990ರ ದಶಕದಲ್ಲಿ ಇದನ್ನೇ ಹಿಡಿದು ಸ್ಫೋಟಕಗಳನ್ನು ಮೂಸುವ ಪಾಲಿಮರ್‌ಗಳನ್ನು ರೂಪಿಸಿದರು. ಟಿಎನ್‌ಟಿ ಹಾಗೆ ಎಲೆಕ್ಟ್ರಾನ್ ಕಸಿಯುವ ಅಣು. ಗಾಳಿಯಲ್ಲಿ ಅದರ ಆವಿಯ ಸುಳಿವಿದ್ದರೂ ಪದರದ ಬೆಳಕು ಮಂಕಾಗುತ್ತದೆ.

ಕಸಿಯುವುದು ಎಷ್ಟು ಬೇಗ ನಡೆಯುತ್ತದೆ? 1992ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಸೆರ್ದಾರ್ ಸರಿಚಿಫ್ಚಿ, ಹೀಗರ್ ಮತ್ತು ಸಂಗಡಿಗರು ಎಂಇಎಚ್ ಪಿಪಿವಿಗೆ ಅರವತ್ತು ಇಂಗಾಲಗಳ ಚೆಂಡು ಫುಲ್ಲರೀನನ್ನು ಬೆರೆಸಿದರು. ಪಾಲಿಮರ್ ಸೂಸುತ್ತಿದ್ದ ಬೆಳಕು ಬಹುತೇಕ ಮಾಯವಾಯಿತು. ಬೆಳಕು ಎಬ್ಬಿಸಿದ ಎಲೆಕ್ಟ್ರಾನು ಚೆಂಡಿಗೆ ಹಾರಿತ್ತು. ಮುಂದೆ ಅತಿವೇಗದ ಲೇಸರುಗಳಿಂದ ಇಂಥ ಹಾರಾಟವನ್ನು ಅಳೆದಾಗ ಸುಮಾರು 45 ಫೆಮ್ಟೊಸೆಕೆಂಡ್ ಎಂದು ತಿಳಿಯಿತು. ಸೆಕೆಂಡಿನ ನೂರು ಕೋಟಿಯ ಒಂದು ಭಾಗವನ್ನು ಮತ್ತೆ ಹತ್ತು ಲಕ್ಷ ಭಾಗ ಮಾಡಿದರೆ ಒಂದು ಫೆಮ್ಟೊಸೆಕೆಂಡ್. ಪ್ಲಾಸ್ಟಿಕ್ ಸೌರಕೋಶದ ಬೇರು ಈ ಹಾರಾಟದಲ್ಲಿದೆ.

ಈ ಸಾಲುಗಳನ್ನು ಓದುತ್ತಿರುವ ನಿಮ್ಮ ಕಣ್ಣಿನಲ್ಲೂ ಇದೇ ಕುಲದ ಅಣು ದುಡಿಯುತ್ತಿದೆ. ಬೀಟಾ ಕ್ಯಾರೊಟೀನ್ ನಡುವೆ ಸೀಳಿದರೆ ಬರುವುದು ರೆಟಿನಲ್. ಅಕ್ಷಿಪಟದಲ್ಲಿ ಬೆಳಕು ಬಿದ್ದಾಗ ಸುಮಾರು 200 ಫೆಮ್ಟೊಸೆಕೆಂಡಿನಲ್ಲಿ ಅದು ಮಡಚಿದ ಭಂಗಿಯಿಂದ ನೆಟ್ಟಗಾಗುತ್ತದೆ. ನೋಟ ಶುರುವಾಗುವುದೇ ಅಲ್ಲಿಂದ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಎಸ್. ನಾರಾಯಣ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಇನ್ನೂ ಬೆಳಕು ಅರಿಯದ ಕೋಳಿಭ್ರೂಣದ ಅಕ್ಷಿಪಟವನ್ನು ಅರೆವಾಹಕ ಪಾಲಿಮರ್ ಪದರದ ಮೇಲೆ ಇಟ್ಟು ಬೆಳಕು ಬಿಟ್ಟರು. ಪಾಲಿಮರ್ ಬೆಳಕನ್ನು ಹೀರಿತು, ಕುರುಡು ಅಕ್ಷಿಪಟದ ನರಕೋಶಗಳು ಮಿಡಿದವು. ಕುರುಡಿಗೆ ಮದ್ದಾಗಲು ಇದು ಇನ್ನೂ ದೂರ ಸಾಗಬೇಕು. ಆದರೆ ಕಣ್ಣಿನ ಅಣುವಿನ ಜಾಗದಲ್ಲಿ ಅದರ ದೂರದ ನೆಂಟನೊಬ್ಬ ಕೂತು ಕೆಲಸ ಮಾಡಿಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಇಷ್ಟಾದರೂ ಈ ವಸ್ತುಗಳಿಗೆ ಒಂದು ದೊಡ್ಡ ಶತ್ರುವಿದೆ. ಬಿಳಿ ಪಂಚೆಗೆ ಸಾರಿನ ಅರಿಶಿನ ಬಿದ್ದರೆ ಸೋಪಿಗೆ ಜಗ್ಗುವುದಿಲ್ಲ. ತೊಳೆದು ಬಿಸಿಲಿಗೆ ಹಾಕಿದರೆ ಸಂಜೆಯ ಹೊತ್ತಿಗೆ ಕಲೆ ಮಾಯವಾಗುವುದನ್ನು ಪ್ರತಿ ಮನೆಯ ಹಿರಿಯರೂ ಬಲ್ಲರು. ಬಿಸಿಲು, ಗಾಳಿ ಸೇರಿ ಅರಿಶಿನದ ಅಣುವನ್ನು ಒಡೆಯುತ್ತವೆ, ಜಗಲಿ ಹೋಗುತ್ತದೆ, ಅದರೊಡನೆ ಹಳದಿಯೂ ಹೋಗುತ್ತದೆ. ಪಂಚೆಗೆ ಒಳ್ಳೆಯದಾದ ಈ ಕ್ರಿಯೆ ಸೌರಕೋಶಕ್ಕೆ ಮೃತ್ಯು. ಬಿಸಿಲಿನಲ್ಲಿ ವರ್ಷಗಟ್ಟಲೆ ಬಾಳಬೇಕಾದ ಪದರ ಬಿಸಿಲಿನಿಂದಲೇ ಸವೆಯುತ್ತದೆ. ಪ್ರಯೋಗಾಲಯದಲ್ಲಿ ಸಾವಯವ ಸೌರಕೋಶಗಳ ದಕ್ಷತೆ 18 ಪ್ರತಿಶತ ದಾಟಿದೆ ಎಂಬ ಸುದ್ದಿ ಬಂದಾಗಲೆಲ್ಲ ಎಷ್ಟು ದಿನ ಎಂಬ ಪ್ರಶ್ನೆಯನ್ನೂ ನಾವು ಕೇಳಬೇಕು.

ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವನ್ನೂ ಆ ವಿದ್ಯಾರ್ಥಿನಿ ತೋರಿಸಿದಳು. ಪ್ರಯೋಗಾಲಯದ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಗಾಜಿನ ಚೂರುಗಳು ಸಾಲಾಗಿದ್ದವು. ಒಂದೊಂದಕ್ಕೂ ಬಿಳಿ ಟೇಪು ಅಂಟಿಸಿ ಮಾರ್ಕರ್‌ನಲ್ಲಿ ತಾರೀಖು ಬರೆದಿತ್ತು. ಮೊದಲನೆಯದು ಗಾಢ ನೇರಳೆ, ಆಮೇಲಿನವು ಕೆಂಪಿನತ್ತ ಮಾಸುತ್ತ, ಕೊನೆಯದರಲ್ಲಿ ಬರಿಗಣ್ಣಿಗೆ ಬಣ್ಣವೇ ಇಲ್ಲ. ಅದನ್ನು ಯಂತ್ರದೊಳಗಿಟ್ಟಳು. 605ರ ಭುಜವಿಲ್ಲ, 555ರ ಮೊನೆಯಿಲ್ಲ, ಗೆರೆ ಹೆಚ್ಚುಕಡಿಮೆ ಸಮತಟ್ಟು. 400ರ ಹತ್ತಿರ ಮಾತ್ರ ಒಂದು ಸಣ್ಣ ಏರು ಉಳಿದಿತ್ತು. "ತುಂಡಾಗಿ ತುಂಡಾಗಿ ಇಷ್ಟೇ ಉಳ್ಕೊಂಡಿದೆ ಸರ್" ಎಂದು ಅವಳು ಪುಸ್ತಕದಲ್ಲಿ ಅಂಕಿ ಬರೆದುಕೊಂಡಳು. ಕಟ್ಟೆಯ ಮೇಲೆ ಆ ಚೂರಿನ ಜಾಗದ ಪಕ್ಕದಲ್ಲೇ ಅದೇ ತಾರೀಖಿನ ಇನ್ನೊಂದು ಚೂರು ಇತ್ತು. ಅದರ ಮೇಲೆ ಮತ್ತೊಂದು ಗಾಜು ಮುಚ್ಚಿ, ಗಾಳಿ ಹೋಗದಂತೆ ಅಂಚಿಗೆ ಅಂಟು ಹಚ್ಚಿತ್ತು. ಅಷ್ಟೇ ಬಿಸಿಲು ಕುಡಿದಿದ್ದರೂ ಅದು ಇನ್ನೂ ನೇರಳೆಯಾಗಿಯೇ ಇತ್ತು.